ಐದನೇ ನಂಬರಿನ ಪಿಸ್ತೂಲಿಗೆ ಕುಂಕುಮ

೧ ಅಕ್ಟೋಬರ್ ೨೦೨೫, ಬುಧವಾರ, ಖಂಡೇನವಮಿ

ಶ್ರೀಮಾನ್ ದಿಗಂಬರರಾಯರು, ಅಂದರೆ ಈ ದಿನಚರಿಯ ಲೇಖಕರೂ ಏಕಮಾತ್ರ ಓದುಗರೂ ಆದ ನಾವು, ಇಂದು ದೇಶದ ಶಸ್ತ್ರೋದ್ಯಮಕ್ಕೆ ಒಂದು ಕಿರುಸೇವೆ ಸಲ್ಲಿಸಿದೆವು.

ಪುಣೆಯ ನಮ್ಮ ಕಂಪನಿ ಪಿಸ್ತೂಲು ಮಾಡುತ್ತದೆ. ಮಾಡುತ್ತದೆ ಎನ್ನುವುದಕ್ಕಿಂತ ಮಾಡಲು ಕಲಿಯುತ್ತಿದೆ. ಹೊಸ ಮಾದರಿಯ ಮೊದಲ ಲಾಟು ಈಗಷ್ಟೇ ಹೊರಬಂದಿದೆ. ಅದನ್ನು ದೇಹೂ ರೋಡ್ ಆಚೆಗಿನ ಒಂದು ಫೈರಿಂಗ್ ರೇಂಜಿಗೆ ಒಯ್ದು, ಕೆಸರಲ್ಲಿ ಅದ್ದಿ, ಧೂಳಲ್ಲಿ ಹೊರಳಿಸಿ, ಎತ್ತಿ ಕೆಡವಿ, ಆಮೇಲೆ ಹಾರಿಸಿ ನೋಡುವುದು ಪರೀಕ್ಷಾ ವಿಭಾಗದ ಕೆಲಸ. ಅಳಿಯನನ್ನು ಒಪ್ಪುವ ಮೊದಲು ಹೆಣ್ಣಿನ ಕಡೆಯವರು ಇಷ್ಟು ಮಾಡಿದ್ದರೆ ಎಷ್ಟೋ ಸಂಸಾರಗಳು ಉಳಿಯುತ್ತಿದ್ದವು. ಈ ವಿಭಾಗದ ವ್ಯವಸ್ಥಾಪಕರು ನಾವು. ಗುಂಡು ಹಾರಿಸುವವರಲ್ಲ; ಹಾರಿಸುವವನ ಪಕ್ಕದಲ್ಲಿ ಕಿವಿ ಮುಚ್ಚಿಕೊಂಡು ಗಂಭೀರವಾಗಿ ನಿಲ್ಲುವವರು.

ಸೋಮವಾರ ಪೊಲೀಸ್ ಇಲಾಖೆಯ ಖರೀದಿ ಸಮಿತಿ ಬರಲಿದೆ. ಅವರ ನಿಯಮ ಬಲು ಕಟ್ಟುನಿಟ್ಟು: ಪೆಟ್ಟಿಗೆಯಿಂದ ತೆಗೆದ ಪಿಸ್ತೂಲನ್ನು ಹಾಗೆಯೇ ಹಾರಿಸಬೇಕು. ಒರೆಸುವಂತಿಲ್ಲ, ಎಣ್ಣೆ ಬಿಡುವಂತಿಲ್ಲ, ಬಿಚ್ಚುವಂತಿಲ್ಲ. ಕಳ್ಳ ಎದುರಿಗೆ ಬಂದಾಗ ಪೇದೆಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿ?

ಖಂಡೇನವಮಿಗೆ ಪ್ರತಿವರ್ಷ ನಾವು ಒಂದು ಮರದ ಮಾದರಿಗೆ ಪೂಜೆ ಮಾಡುತ್ತೇವೆ. ಬೆಳಿಗ್ಗೆ ಅವ್ವ, ರಾಧಾಬಾಯಿ, ಕುಂಕುಮದ ಪುಡಿಕೆ ಕೈಗಿಡುತ್ತ ಕೇಳಿದಳು: "ಕಟಿಗಿ ಗೊಂಬಿಗೆ ಪೂಜಿ ಮಾಡಿ ಖರೇ ಆಯುಧಕ್ಕ ಉಪವಾಸ ಕೆಡವ್ತೀರೇನೋ ದಿಗೂ? ಆಮ್ಯಾಲೆ ಅವು ಸಿಟ್ಟಾಗ್ಯಾವ ಅಂತ ಅಳ್ತೀರಿ."

ಮಾತು ನಾಟಿತು. ಶಸ್ತ್ರಾಗಾರದ ಕೀಲಿಕೈ ನಮ್ಮ ಬಳಿಯೇ ಇರುತ್ತದೆ. ಎಲ್ಲರೂ ಪ್ರಸಾದಕ್ಕೆ ಹೋದಾಗ, ಸೋಮವಾರಕ್ಕೆಂದು ಪೆಟ್ಟಿಗೆಯಲ್ಲಿ ಸಿದ್ಧವಾಗಿದ್ದ ಐದನೇ ನಂಬರಿನ ಪಿಸ್ತೂಲನ್ನು ತೆಗೆದು ಮಣೆಯ ಮೇಲಿಟ್ಟೆವು. ಬರೀ ಮೇಲೆ ಹಚ್ಚಿದರೆ ಭಕ್ತಿ ಮೇಲುಮೇಲಿನದಾಗುತ್ತದೆ. ಆದ್ದರಿಂದ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು, ಅದು ಓಡಾಡುವ ಹಳಿಗಳಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಬೆರಳಲ್ಲಿ ತೀಡಿದೆವು. ಚೆಂಡುಹೂ, ಊದಿನಕಡ್ಡಿ. ನಂತರ ಹೊರಮೈಯನ್ನು ಕರವಸ್ತ್ರದಿಂದ ಒರೆಸಿ ಯಥಾಸ್ಥಾನಕ್ಕೆ. ಪಿಸ್ತೂಲಿನ ಮುಖದಲ್ಲಿ ಒಂದು ಕಳೆ ಬಂದಿತ್ತು.

೨ ಅಕ್ಟೋಬರ್, ಗುರುವಾರ

ದಸರೆ ಮತ್ತು ಗಾಂಧೀಜಯಂತಿ ಒಂದೇ ದಿನ. ನಿನ್ನೆ ಪಿಸ್ತೂಲಿಗೆ ಊದಿನಕಡ್ಡಿ ಬೆಳಗಿದ ಕೈಯಿಂದಲೇ ಇಂದು ಮಹಾತ್ಮರ ಪಟಕ್ಕೆ ಹಾರ ಹಾಕಿದೆವು. ಎರಡೂ ಕಡೆಯವರಿಂದ ಆಕ್ಷೇಪಣೆ ಬರಲಿಲ್ಲ.

ಸಂಜೆ ಗೂಳಪ್ಪ ಬನ್ನಿ ಕೊಡಲು ಬಂದ. ಗೋಕಾಕ ಕಡೆಯವನು. ಸೈನ್ಯದಲ್ಲಿ ಸುಬೇದಾರನಾಗಿದ್ದು ನಿವೃತ್ತನಾದವನು, ಈಗ ನಮ್ಮ ಪರೀಕ್ಷಾ ಶೂಟರ್. ಬಾಯಿಗೆ ಸೇಫ್ಟಿ ಕ್ಯಾಚ್ ಇಲ್ಲದ ಮನುಷ್ಯ.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಸಾಹೇಬ್ರ! ಆದ್ರ ನಿಮ್ಮ ಹೊಟ್ಟಿ ನೋಡಿದ್ರ ಬಂಗಾರಕ್ಕ ಭಾಳ ತಾಮ್ರ ಬೆರತಂಗ ಕಾಣ್ತೈತಿ."

ನಮ್ಮ ಧರ್ಮಪತ್ನಿ ರೇಣು ನಕ್ಕಿದ್ದು ಅಗತ್ಯಕ್ಕಿಂತ ಹೆಚ್ಚಾಯಿತು. ಅಷ್ಟರಲ್ಲಿ ಅವ್ವ ಉಪ್ಪಿನಕಾಯಿ ಡಬ್ಬಿ ತಂದಳು. ಅದರ ಮುಚ್ಚಳದ ಮುಂದೆ ಈ ಮನೆಯ ಗಂಡಸರೆಲ್ಲ, ಅಂದರೆ ನಾವು, ಸೋತು ಬಹಳ ದಿನವಾಗಿತ್ತು. ಗೂಳಪ್ಪ ಮಾತು ನಿಲ್ಲಿಸದೆಯೇ ಅದನ್ನು ತಿರುವಿ ತೆಗೆದ.

"ಈ ಮಣಿಕಟ್ಟು ನೋಡ್ರಿ ಅವ್ವಾರ, ಸಿಯಾಚಿನ್ ಚಳಿಯೊಳಗೂ ನಡಗಿದ್ದಿಲ್ಲ."

"ಕೈ ಅಂದ್ರ ಇದು," ಎಂದಳು ಅವ್ವ, ನಮ್ಮ ಕೈ ನೋಡುತ್ತ.

೬ ಅಕ್ಟೋಬರ್, ಸೋಮವಾರ

ಏನು ಬರೆಯುವುದು.

ನಿಯಮದಂತೆ ಬರೆಯೋಣ. ಸಮಿತಿ ಆಗಮಿಸಿತು. ಚಹಾಪಾನವಾಯಿತು. ಗೂಳಪ್ಪ ಒಂದರಿಂದ ನಾಲ್ಕನೇ ನಂಬರಿನವರೆಗೆ ಹಾರಿಸಿದ. ಪ್ರತಿ ಮ್ಯಾಗಜಿನ್ ಮುಗಿದ ಮೇಲೂ ಹಿಂದೆ ತಿರುಗಿ ಸಮಿತಿಯವರಿಗೆ ಏನಾದರೊಂದು ಚಟಾಕಿ ಹಾರಿಸಿದ. ಐದನೆಯದು ಬಂತು. ಎರಡು ಗುಂಡು ಹೋದವು. ಮೂರನೆಯದರ ಖಾಲಿ ಕಾಡತೂಸು ಹೊರಗೆ ಸಿಡಿಯಬೇಕಾದದ್ದು ಸ್ಲೈಡಿನ ಕಿಟಕಿಯಲ್ಲೇ ಸಿಕ್ಕಿಕೊಂಡು, ಬಚ್ಚಲೊಲೆಯ ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತಿತು. ಗೂಳಪ್ಪ ಅದನ್ನು ತೆಗೆದು ಮತ್ತೆ ಹಾರಿಸಿದ. ಮತ್ತೆ ಹೊಗೆಕೊಳವೆ. ಮತ್ತೆ.

ಹೀಗಾಗಲು ಎರಡೇ ಕಾರಣ. ಸ್ಲೈಡಿನ ಓಟವನ್ನು ಏನೋ ತಡೆದಿರಬೇಕು. ಇಲ್ಲವೇ ಹಾರಿಸುವವನ ಮಣಿಕಟ್ಟು ಸಡಿಲವಾಗಿ ಪಿಸ್ತೂಲು ಒದೆಯುವ ಬಲವನ್ನೆಲ್ಲ ನುಂಗಿರಬೇಕು.

ಏನು ತಡೆದಿದೆ ಎಂಬುದು ಅಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಐದು ದಿನಗಳಲ್ಲಿ ಎಣ್ಣೆ ಕುಂಕುಮ ಸೇರಿ ಹಳಿಯ ಮೇಲೆ ಹಲ್ವದ ಹಾಗೆ ಗಟ್ಟಿಯಾಗಿತ್ತು.

ಸಮಿತಿ ಒಂದು ತಿಂಗಳ ಅವಕಾಶ ಕೊಟ್ಟಿತು: ಕಾರಣ ಹುಡುಕಿ, ಮರುಪರೀಕ್ಷೆ ಮಾಡಿ. ತಡವರಿಸಿದ ಪಿಸ್ತೂಲನ್ನು ವ್ಯವಸ್ಥಾಪಕರೇ ತಂದು ಬೀಗದಲ್ಲಿಡಬೇಕೆಂಬುದು ಕಂಪನಿಯ ಕ್ರಮ. ತರಲಾಯಿತು. ಶಸ್ತ್ರಾಗಾರದ ಬಾಗಿಲು ಹಾಕಲಾಯಿತು. ಪೂಜಾಸಾಮಗ್ರಿಯ ಅವಶೇಷವನ್ನು ಕರವಸ್ತ್ರದಿಂದ ಗೌರವಪೂರ್ವಕವಾಗಿ ವಿಸರ್ಜಿಸಲಾಯಿತು.

ಮಾಡಿದವರು ಯಾರು ಎಂದು ಹೇಳದೆಯೇ ವಾಕ್ಯ ಮುಗಿಸಲು ನಮ್ಮ ಭಾಷೆಯಲ್ಲಿ ಎಷ್ಟು ಅನುಕೂಲವಿದೆ!

೭ ಅಕ್ಟೋಬರ್, ಮಂಗಳವಾರ

ಪಿಸ್ತೂಲಿನ ವಿನ್ಯಾಸ ಮಾಡಿದ ಎಂಜಿನಿಯರ್ ಪ್ರಾಚಿ ಅದನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡಿದ್ದಳು. ಕಣ್ಣು ಕೆಂಪಾಗಿದ್ದವು, ಅತ್ತಿದ್ದಳೋ ನಿದ್ದೆಗೆಟ್ಟಿದ್ದಳೋ. "ಹಳಿ ಕನ್ನಡಿಯ ಹಾಗಿದೆ ಸರ್," ಎಂದಳು ಮರಾಠಿಯಲ್ಲಿ. "ಪಿಸ್ತೂಲಲ್ಲಿ ದೋಷವೇ ಇಲ್ಲ."

ನಮ್ಮ ಮುಖ್ಯಸ್ಥ ಕೇದಾರ ಕುರ್ಚಿಗೆ ಒರಗಿದ. ವಯಸ್ಸಿನಲ್ಲಿ ನಮಗಿಂತ ಚಿಕ್ಕವನು, ಹುದ್ದೆಯಲ್ಲಿ ನಮ್ಮ ತಂದೆ. "ಪಿಸ್ತೂಲು ಸರಿ, ಕಾಡತೂಸು ಸರಿ. ಉಳಿದವರು ಯಾರು? ಶೂಟರ್. ವಯಸ್ಸಾಯಿತು ಸುಬೇದಾರರಿಗೆ. ಕಾಯ್ ರಾವ್‌ಸಾಹೇಬ್, ಬರೋಬರ್?"

ರಾವ್‌ಸಾಹೇಬರು, ಅಂದರೆ ನಾವು, ಕೆಮ್ಮಿದೆವು. ಕೆಮ್ಮನ್ನು ಒಪ್ಪಿಗೆ ಎಂದು ಪರಿಗಣಿಸಲಾಯಿತು.

ಮನೆಗೆ ಬಂದರೆ ರೇಣು ಕರವಸ್ತ್ರ ಹಿಡಿದು ನಿಂತಿದ್ದಳು. "ಯಾರ ಕುಂಕುಮಾರೀ ಇದು?"

"ಪಿಸ್ತೂಲಿಂದು."

"ಸುಳ್ಳು ಹೇಳೋದಿದ್ರ ನಂಬೋ ಹಂಗರ ಹೇಳ್ರಿ."

ಇಡೀ ದಿನದಲ್ಲಿ ಹೇಳಿದ ಒಂದೇ ನಿಜ ಅದು.

೧೦ ಅಕ್ಟೋಬರ್, ಶುಕ್ರವಾರ

ಗೂಳಪ್ಪನಿಗೆ ತಿಳಿಸಿದರು. ಮೊದಲು ಜೋರಾಗಿ ನಕ್ಕ, ತನ್ನ ಗೋಕಾಕದ ಮರಾಠಿಯಲ್ಲಿ. "ಯಾರ ಮಣಿಕಟ್ಟು ಸಡಿಲ? ಬರ್ರಿ, ಪಂಜಾ ಹಿಡೀರಿ ಕೇದಾರ ಸಾಹೇಬ್ರ, ಗೆದ್ರ ನನ್ನ ಮೀಸಿ ನಿಮಗ." ಕೇದಾರ ಮೊಬೈಲು ನೋಡಿಕೊಂಡ. ಪ್ರಾಚಿ ನೆಲ ನೋಡಿದಳು. ಪಂಜಾ ಹಿಡಿಯಲು ಯಾರೂ ಬಾರದಿದ್ದಾಗ, ಮೇಜಿನ ಮೇಲೆ ಊರಿದ್ದ ಮೊಣಕೈಯನ್ನು ಅವನು ಮೆಲ್ಲಗೆ ತೆಗೆದುಕೊಂಡ.

ಆಮೇಲೆ ಕ್ಯಾಂಟೀನಿನ ಹಿಂದೆ ನನ್ನನ್ನು ತಡೆದ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಬಲ್ಲ ಎಂದು ಗೊತ್ತಿರಲಿಲ್ಲ.

"ಸಾಹೇಬ್ರ, ನೀವು ಬಾಜೂಕ ನಿಂತಿದ್ರಿ. ಖರೇ ಹೇಳ್ರಿ. ನನ್ನ ಕೈ ಅಳಗ್ಯಾಡಿತೇನ್ರಿ?"

ಅವನ ಕೈ ಬಂಡೆಯ ಹಾಗಿತ್ತು. ನೋಡಿದ್ದೇನೆ.

"ಸ್ವಲ್ಪ," ಎಂದೆ.

೧೧ ಅಕ್ಟೋಬರ್, ಶನಿವಾರ

ಏನೂ ವಿಶೇಷವಿಲ್ಲ.

೧೪ ಅಕ್ಟೋಬರ್, ಮಂಗಳವಾರ

ದೊಡ್ಡಪ್ಪನ ಮಗನನ್ನು ಧಾರವಾಡದ ಬಸ್ಸಿಗೆ ಹತ್ತಿಸಲು ಸ್ವಾರಗೇಟಿಗೆ ಹೋಗಿದ್ದೆವು. ನಾವು ಎಂದರೆ ಇಲ್ಲಿ ನಿಜಕ್ಕೂ ಇಬ್ಬರು, ನಾನು ಮತ್ತು ರೇಣು. ಅಲ್ಲಿ ಗೂಳಪ್ಪ ಹೆಂಡತಿಯನ್ನು ಇಳಿಸಿಕೊಳ್ಳಲು ಬಂದಿದ್ದರು. ಬಸವಣ್ಣೆವ್ವ ಹಬ್ಬಕ್ಕೆಂದು ಊರಿನಿಂದ ಜೋಳದ ಹಿಟ್ಟಿನ ಚೀಲ ತಂದಿದ್ದರು. ಗೂಳಪ್ಪ ಆ ಚೀಲವನ್ನು ನೋಡಿದರು, ಸುತ್ತ ನೋಡಿದರು, ಹಮಾಲನನ್ನು ಕೂಗಿದರು.

ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ರೇಣು "ವೈನೀ!" ಎಂದು ಕರೆದೇಬಿಟ್ಟಳು.

ಬಸವಣ್ಣೆವ್ವ ನಮಸ್ಕಾರ ಮುಗಿಸಿದವರೇ ನನ್ನ ಕಡೆ ತಿರುಗಿದರು. "ಆಫೀಸಿನಾಗ ಇವರಿಗೆ ಏನ್ ಮಾಡೀರಿ ಸಾಹೇಬ್ರ? ಫೋನಿನಾಗ ಮಾತಽ ಇಲ್ಲ. ಹುಡುಗರ ಆಡೋ ಮೆತ್ತನ್ ಚೆಂಡು ತಗೊಂಡು ಹಿಚುಕ್ಕೋತ ಕುಂದರ್ತಾರಂತ, ಬಾಜೂಮನಿಯಾಕಿ ಹೇಳಿದ್ಲು."

"ಏ, ಸುಮ್ನಿರು," ಎಂದರು ಗೂಳಪ್ಪ. "ಕೈ ದಣದೈತಿ. ವಯಸ್ಸಾತು. ಸಾಹೇಬ್ರ ಸ್ವತಾ ನೋಡ್ಯಾರ."

ಸಾಹೇಬರು ಸ್ವತಃ ನೋಡಿದ್ದಾರೆ. ನನ್ನನ್ನೇ ಸಾಕ್ಷಿ ಕರೆದು ನನ್ನೆದುರಿಗೇ ನಿಲ್ಲಿಸಿದರು. ಚೀಲವನ್ನು ನಾನು ಎತ್ತಲು ಹೋದೆ. ಏಳಲಿಲ್ಲ. ಯಾರಾದರೂ ತಮಾಷೆ ಮಾಡುತ್ತಾರೆಂದು ಕಾದೆ. ಯಾರೂ ಮಾಡಲಿಲ್ಲ.

೧೮ ಅಕ್ಟೋಬರ್, ಶನಿವಾರ

ಗೂಳಪ್ಪ ತಾವಾಗಿಯೇ ಕೆಲಸ ಬಿಡುತ್ತೇನೆಂದು ಕೇದಾರನ ಮುಂದೆ ಹೇಳಿದರಂತೆ. "ಅಳಗ್ಯಾಡೋ ಕೈಯಾಗ ಪಿಸ್ತೂಲ್ ಇರಬಾರದ್ರಿ. ನನ್ನಿಂದ ಪ್ರಾಚಿ ತಂಗಿ ಕೆಲಸಕ್ಕ ಕಪ್ಪು ಹತ್ತಬಾರದು." ಕೇದಾರನಿಗೆ ಬಹಳ ಸಮಾಧಾನ. ತೆಗೆದುಹಾಕುವ ಪಾಪ ತಪ್ಪಿತಲ್ಲ.

ದೀಪಾವಳಿ ಮುಗಿದ ಮೇಲೆ, ೨೪ಕ್ಕೆ, ಬೀಳ್ಕೊಡುಗೆ. ಭಾಷಣ ಯಾರದು? ಗಣೇಶೋತ್ಸವ ಬಂದರೂ, ಯಾರಾದರೂ ನಿವೃತ್ತರಾದರೂ, ಕ್ಯಾಂಟೀನಿಗೆ ಹೊಸ ಮಿಕ್ಸರ್ ಬಂದರೂ ಎದ್ದುನಿಂತು ನಗಿಸುವವರು ಯಾರೋ, ಅವರದೇ.

ಇಂದು ಕೂತು ಬರೆಯಲು ನೋಡಿದೆ. "ಗೂಳಪ್ಪನವರ ಕೈ" ಎಂದು ಆರಂಭಿಸಿದೆ. ಮುಂದೆ ಹೋಗಲಿಲ್ಲ.

೨೧ ಅಕ್ಟೋಬರ್, ಮಂಗಳವಾರ, ಲಕ್ಷ್ಮೀಪೂಜೆ

ಅವ್ವ ಕುಂಕುಮದ ಬಟ್ಟಲು ಹಿಡಿದಾಗ ನನ್ನ ಕೈ ಮುಂದೆ ಬರಲಿಲ್ಲ. ಏನಾಯಿತೆಂದು ಕೇಳಿದಳು. ಅಡಿಗೆಮನೆಯಲ್ಲಿ, ಕುಕ್ಕರಿನ ಸೀಟಿಗಳ ನಡುವೆ, ಎಲ್ಲ ಹೇಳಿಬಿಟ್ಟೆ. ಕೊನೆಯಲ್ಲಿ "ನೀನಽ ಅಲ್ಲ ಖರೇ ಆಯುಧಕ್ಕ ಪೂಜಿ ಮಾಡು ಅಂದಾಕಿ" ಎಂಬುದನ್ನೂ ಸೇರಿಸಿದೆ. ಅಷ್ಟು ಮಾತ್ರ ಸೇರಿಸಬಾರದಿತ್ತು.

"ಪೂಜಿ ಮಾಡು ಅಂದೆ," ಎಂದಳು ಅವ್ವ. "ಒಳಗ ಗಿಲಾವು ಮಾಡು ಅಂದಿದ್ನೇನು? ಒರಸು ಅಂದಿದ್ನೇನು? ಆ ಗಂಡಸಿನ ಮುಂದ ಸುಳ್ಳು ಹೇಳು ಅಂದಿದ್ನೇನು? ನಿನ್ನ ತಪ್ಪು ದೇವರ ಕುಂಕುಮದ ಮ್ಯಾಲೆ ಹಾಕಬ್ಯಾಡ. ಅವ್ವನ ಮ್ಯಾಲೂ ಹಾಕಬ್ಯಾಡ."

ರೇಣು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಅಂದ್ರ ಖರೇನಽ ಪಿಸ್ತೂಲಿಂದಽ ಆ ಕುಂಕುಮ?" ಎಂದಳು. ಒಳಗೆ ಬಂದು ಒಲೆ ಆರಿಸಿ, "ಬ್ಯಾರೆ ಯಾವಾಕಿದರ ಆಗಿದ್ರ ಛಲೋ ಇತ್ತು."

೨೪ ಅಕ್ಟೋಬರ್, ಶುಕ್ರವಾರ

ಬೀಳ್ಕೊಡುಗೆ ಕ್ಯಾಂಟೀನಿನಲ್ಲಿ. ಶಾಲು, ತೆಂಗಿನಕಾಯಿ, ಶಿವಾಜಿ ಮಹಾರಾಜರ ಮೂರ್ತಿ. ಶಾಲು ಹೊದಿಸಿದಾಗ ಗೂಳಪ್ಪನವರು ಅದರ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡರು. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಬಸವಣ್ಣೆವ್ವ ಮೊದಲ ಸಾಲಿನಲ್ಲಿ, ಇಳಕಲ್ ಸೀರೆಯಲ್ಲಿ.

ನನ್ನನ್ನು ಕರೆದರು. ನಾನು ಏಳುವ ಮೊದಲೇ ಕೆಲವರು ನಗಲು ಸಿದ್ಧರಾಗಿದ್ದರು. ಮರಾಠಿಯಲ್ಲಿ ಆರಂಭಿಸಿದೆ.

"ಸುಬೇದಾರ್ ಸಾಹೇಬರ ಕೈಯಲ್ಲಿ ಯಾವ ದೋಷವೂ ಇಲ್ಲ. ದೋಷ ಕುಂಕುಮದ್ದು. ಖಂಡೇನವಮಿಯ ದಿನ ಐದನೇ ನಂಬರಿನ ಪಿಸ್ತೂಲಿನ ಒಳಗೆ ನಾನೇ ಎಣ್ಣೆ ಕುಂಕುಮ ಮೆತ್ತಿದೆ."

ಕ್ಯಾಂಟೀನು ಹೋ ಎಂದು ನಕ್ಕಿತು. ಕೇದಾರ ಮೇಜು ಬಡಿದ. ಹಿಂದಿನಿಂದ ಯಾರೋ "ಆರತಿಯೂ ಮಾಡಿದಿರಾ?" ಎಂದು ಕೂಗಿದರು.

"ಊದಿನಕಡ್ಡಿ ಬೆಳಗಿದೆ," ಎಂದೆ. ಇನ್ನೂ ಜೋರಾಗಿ ನಕ್ಕರು. "ಆಮೇಲೆ ಸಿಕ್ಕಿಬೀಳುತ್ತೇನೆಂದು ಹೆದರಿ, ಪ್ರಾಚಿ ನೋಡುವ ಮೊದಲೇ ಒರೆಸಿದೆ. ಕರವಸ್ತ್ರದಿಂದ." ನಕ್ಕು ನಕ್ಕು ಒಬ್ಬರಿಗೆ ಚಹಾ ನೆತ್ತಿಗೇರಿತು. ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ನೋಡಿ. ನಾನು ಏನು ಹೇಳಿದರೂ ಜನ ನಗುತ್ತಾರೆ.

ನಗದಿದ್ದವರು ಇಬ್ಬರು. ಪ್ರಾಚಿ ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು. ಗೂಳಪ್ಪನವರು ನನ್ನ ಮುಖ ನೋಡುತ್ತಿದ್ದರು. ಬಲಗೈ ಜೇಬಿನಿಂದ ಹೊರಬಂದಿತ್ತು.

ಕನ್ನಡದಲ್ಲಿ ಹೇಳಿದೆ. ಅವರಿಗೊಬ್ಬರಿಗೇ. "ಗೂಳಪ್ಪನವರ, ನಿಮ್ಮ ಕೈ ಅಳಗ್ಯಾಡಿದ್ದಿಲ್ರಿ. ನಾ ಸುಳ್ಳು ಹೇಳಿದೆ."

ಸಹೋದ್ಯೋಗಿಗಳಿಗೆ ಅರ್ಥವಾಗದ ಭಾಷೆ. ಆದರೂ ನಗು ನಿಂತಿತು. ಬಸವಣ್ಣೆವ್ವ ಎದ್ದು ನಿಂತಿದ್ದರು. ಗೂಳಪ್ಪನವರು ಶಾಲು ತೆಗೆದು, ನೀಟಾಗಿ ಮಡಚಿ, ತೆಂಗಿನಕಾಯಿಯ ಪಕ್ಕದಲ್ಲಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೊರಗೆ ಹೋದರು.

೨೭ ಅಕ್ಟೋಬರ್, ಸೋಮವಾರ

ಪ್ರಾಚಿ ನನ್ನ ಮಾತನ್ನು ನಂಬಲೂ ಇಲ್ಲ, ಬಿಡಲೂ ಇಲ್ಲ. ಶುಕ್ರವಾರ ಸಂಜೆಯೇ ಅದೇ ಲಾಟಿನ ಇನ್ನೊಂದು ಪಿಸ್ತೂಲಿಗೆ ನಾನು ಮಾಡಿದಂತೆಯೇ ಮಾಡಿಸಿದಳು. "ಎಷ್ಟು ಹಚ್ಚಿದಿರಿ? ಯಾವ ಬೆರಳು? ಮಂತ್ರ ಹೇಳಿದಿರಾ? ಬೇಡ, ಮಂತ್ರ ಬಿಡಿ." ಎಣ್ಣೆ ಬೇಗ ಗಟ್ಟಿಯಾಗಲೆಂದು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಿದ್ದಳು. ಇಂದು ಅದನ್ನು ಕಬ್ಬಿಣದ ಹಿಡಿಕೆಗೆ ಬಿಗಿದು ದೂರದಿಂದ ಹಾರಿಸಿದರು. ಕಬ್ಬಿಣಕ್ಕೆ ಮಣಿಕಟ್ಟಿಲ್ಲ, ವಯಸ್ಸೂ ಇಲ್ಲ. ಖಾಲಿ ಕಾಡತೂಸು ನೆಟ್ಟಗೆ ನಿಂತಿತು.

ಪ್ರಾಚಿ ಕನ್ನಡಕ ತೆಗೆದು ಒರೆಸಿಕೊಂಡಳು. "ಸರ್, ಮೂರು ವಾರ ನಾನು ಅವರ ಮುಖ ತಪ್ಪಿಸಿಕೊಂಡು ಓಡಾಡಿದೆ. ಪಿಸ್ತೂಲು ಉಳಿಯಿತಲ್ಲ ಎಂದು ಒಳಗೊಳಗೆ ಖುಷಿಪಟ್ಟೆ. ನನ್ನಿಂದ ಅದನ್ನೂ ಮಾಡಿಸಿದಿರಿ ನೀವು."

ಕೇದಾರ ಕೀಲಿಕೈ ತೆಗೆದುಕೊಂಡ. ಇನ್ನು ನಾನು ಕುರಕುಂಭದ ಹತ್ತಿರದ ಗೋದಾಮಿಗೆ. ಖಾಲಿ ಡಬ್ಬಗಳ ಉಸ್ತುವಾರಿ. ಅಲ್ಲಿ ಸುತ್ತಲಿನ ಕಾರ್ಖಾನೆಗಳಿಂದ ಗಾಳಿಗೇ ಔಷಧಿಯ ವಾಸನೆ ಇರುತ್ತದಂತೆ. ಗೂಳಪ್ಪನವರನ್ನು ವಾಪಸು ಕರೆಯಲು ಪ್ರಾಚಿಯೇ ಹೋಗುತ್ತಾಳೆ.

೨೯ ಅಕ್ಟೋಬರ್, ಬುಧವಾರ

ಪ್ರಾಚಿ ಹೋಗಿಬಂದ ಮೇಲೆ ನಾನೂ ಗೂಳಪ್ಪನವರಲ್ಲಿಗೆ ಹೋದೆ. ಮನೆಯ ಬಾಗಿಲಲ್ಲಿ ಬಸವಣ್ಣೆವ್ವ ನನ್ನನ್ನು ನೋಡಿದವರೇ, "ಒಳಗ ಬರ್ರಿ ಅಂತ ನಾ ಅನ್ನೂದಿಲ್ಲ. ಅವ್ರ ಅಂದ್ರ ಬರ್ರಿ," ಎಂದು ಒಳಗೆ ಹೋದರು.

ಗೂಳಪ್ಪನವರು ಹೊರಗೆ ಬಂದರು. ಕೂರಿ ಎನ್ನಲಿಲ್ಲ. ತಪ್ಪಾಯ್ತು ಎಂದೆ.

"ಕುಂಕುಮ ಹಚ್ಚೀರಿ, ಇರ್ಲಿ. ದೇವರ ಕೆಲಸ, ಬುದ್ಧಿ ಹೋತು," ಎಂದರು. "ಒರಸೀರಿ. ಅದೂ ಇರ್ಲಿ. ಹೆದರಿದವ್ರು ಒರಸ್ತಾರ, ಫೌಜಿನಾಗೂ ನೋಡೀನಿ. ಆದ್ರ ನಾ ನಿಮ್ಮನ್ನ ಬಾಜೂಕ ಕರದು ಕೇಳಿದ್ನಲ್ರಿ? ಕೇದಾರ ಸಾಹೇಬ್ರನ್ನ ಕೇಳಲಿಲ್ಲ. ನಮ್ಮ ಕಡೆಯವ್ರು, ಖರೇ ಹೇಳ್ತಾರಂತ ನಿಮ್ಮನ್ನ ಕೇಳಿದೆ. ನೀವು 'ಸ್ವಲ್ಪ' ಅಂದ್ರಿ."

"ಹೌದ್ರಿ."

"ಪೂರಾ ಹೋಗೇತಿ ಅಂದಿದ್ರ ನಂಬತಿರ್ಲಿಲ್ಲ. ಜಗಳಾ ತಗೀತಿದ್ದೆ. ಸ್ವಲ್ಪ ಅಂದ್ರಿ. ನಂಬಿದೆ."

ನಾನು ಏನಾದರೂ ಬೈಯಿರಿ ಎಂದೆ.

"ಬೈದ್ರ ನಿಮಗ ಹಗರ ಆಕ್ಕೈತಿ," ಎಂದು ಒಳಗೆ ಹೋದರು. ಬಾಗಿಲನ್ನು ಬಡಿಯಲಿಲ್ಲ. ಮೆಲ್ಲಗೆ ಹಾಕಿಕೊಂಡರು.

೩ ನವೆಂಬರ್, ಸೋಮವಾರ

ಮರುಪರೀಕ್ಷೆ. ಮಾಡಿದ್ದನ್ನು ನನ್ನ ಬಾಯಿಂದಲೇ ಕೇಳಬೇಕೆಂದು ಸಮಿತಿ ನನ್ನನ್ನು ಗೋದಾಮಿನಿಂದ ಕರೆಸಿತ್ತು. ಹೇಳಿದೆ. ಮಾಡಿದೆ, ಒರೆಸಿದೆ, ಸುಳ್ಳಾಡಿದೆ. ಈ ಸಲ ಯಾರೂ ನಗಲಿಲ್ಲ. ಸಮಿತಿಯ ಅಧಿಕಾರಿಯೊಬ್ಬರು, ಇನ್ನು ಬೇಲಿಯ ಆಚೆ ನಿಲ್ಲಬಹುದು ಎಂದರು. ನಿಂತೆ.

ಗೂಳಪ್ಪನವರು ಬಂದಿದ್ದರು. ಮೀಸೆ ತಿದ್ದಿಸಿ, ಹಳೆಯ ಸೈನ್ಯದ ಬೆಲ್ಟು ಬಿಗಿದು. ಪ್ರಾಚಿ ಹಿಂದೆ ನಿಂತಿದ್ದಳು. ಒಂದನೇ ನಂಬರು ಸರಾಗವಾಗಿ ಹಾರಿತು. ಮ್ಯಾಗಜಿನ್ ಮುಗಿಯಿತು. ಈಗ ಹಿಂದೆ ತಿರುಗಿ ಏನಾದರೂ ಅನ್ನುತ್ತಾರೆ ಎಂದು ನಾನು ಕಾದೆ. ಸಮಿತಿಯವರೂ ಮುಖ ಸಡಿಲಿಸಿಕೊಂಡು ಕಾದರು.

ಅವರು ತಿರುಗಲಿಲ್ಲ. ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಬಲಗೈಯನ್ನು ಮುಖದ ಮುಂದೆ ಚಾಚಿ, ಬೆರಳು ಬಿಡಿಸಿ ಹಿಡಿದು ನೋಡಿದರು. ಆಮೇಲೆ ಎರಡನೆಯದನ್ನು ತೆಗೆದುಕೊಂಡರು. ಅದು ಮುಗಿದ ಮೇಲೂ ಹಾಗೆಯೇ. ಮೂರನೆಯದಕ್ಕೂ. ಎಲ್ಲರೂ ಗುರಿಹಲಗೆಯ ಕಡೆ ನೋಡಿ ಶಹಬ್ಬಾಸ್ ಎನ್ನುತ್ತಿದ್ದರು.

ಐದನೇ ನಂಬರು ಒಂದು ಸಲವೂ ತಡವರಿಸಲಿಲ್ಲ. ಕೊನೆಯ ಖಾಲಿ ಕಾಡತೂಸು ಹೊರಗೆ ಸಿಡಿದು ಕಲ್ಲಿನ ಮೇಲೆ ಬಿತ್ತು. ಪ್ರಾಚಿ ಚಪ್ಪಾಳೆ ತಟ್ಟಿದಳು. ಗೂಳಪ್ಪನವರು ಕೈ ಚಾಚಿ ಹಿಡಿದರು. ಬೇಲಿಯ ಆಚೆಯಿಂದಲೂ ಕಾಣುತ್ತಿತ್ತು, ಕೈ ಒಂದಿಷ್ಟೂ ಅಲುಗಲಿಲ್ಲ.

ಅವರು ಮತ್ತೆ ನೋಡಿಕೊಂಡರು.